ಬೀಗದ ಕೈ ಯಾರ ಬಳಿ?

(ಕ್ರಿಪ್ಟೋ ಎಕ್ಸ್‌ಚೇಂಜ್‌ಗಳನ್ನು ನಂಬಿ ಹಣವಿಡುವ ಮುನ್ನ ಒಂದಿಷ್ಟು ವಿಚಾರ)

ಈ ವರ್ಷದ ಸ್ಮರಣ ಸಂಚಿಕೆಗೆ ಆರೋಗ್ಯವನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾನು ತುಸು ಹಿಂಜರಿದೆ. ರಕ್ತದೊತ್ತಡ, ಮಧುಮೇಹ, ಹೃದ್ರೋಗ ಮುಂತಾದವುಗಳನ್ನು ಕುರಿತು ಬರೆಯಲು ನಮ್ಮಲ್ಲಿ ಅನುಭವಿಗಳಾದ ವೈದ್ಯರಿದ್ದಾರೆ. ವಾಣಿಜ್ಯಶಾಸ್ತ್ರದ ಪದವಿ ಪಡೆದು, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಇಪ್ಪತ್ತು ವರ್ಷಗಳನ್ನು ಕಳೆದಿರುವ ನನಗೆ ಆ ಅಧಿಕಾರವಿಲ್ಲ. ಆದರೆ ರಕ್ತದೊತ್ತಡವು ಉಪ್ಪಿನಿಂದ ಮಾತ್ರ ಏರುವುದಿಲ್ಲ. ಜೀವಮಾನದ ಉಳಿತಾಯವು ಒಮ್ಮೆಗೇ ಕೈಬಿಟ್ಟು ಹೋದಾಗಲೂ ಏರುತ್ತದೆ ಎಂಬುದನ್ನು ಕೌಂಟರಿನ ಈಚೆ ಕುಳಿತು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ನನಗೆ ತಿಳಿದ ಆರೋಗ್ಯವನ್ನು ಕುರಿತು, ಅಂದರೆ ಸಂಸಾರಸ್ಥನ ಹಣದ ಆರೋಗ್ಯವನ್ನು ಕುರಿತು, ನಾಲ್ಕು ಮಾತು ಬರೆಯಲು ಒಪ್ಪಿದೆ.

2021ರ ದೀಪಾವಳಿಯ ಸುಮಾರಿನ ಮಾತು. ಮಲಾಡಿನ ನಮ್ಮ ನೆರೆಹೊರೆಯ ಹಿರಿಯರೊಬ್ಬರು ನಾನು ಕೆಲಸ ಮಾಡುತ್ತಿದ್ದ ಶಾಖೆಗೆ ಬಂದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಊರು ಬಿಟ್ಟು ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಸಣ್ಣದೊಂದು ಕ್ಯಾಂಟೀನು ನಡೆಸಿ ವಿಶ್ರಾಂತರಾದವರು. ಅವರ ಹೆಸರಿನಲ್ಲಿದ್ದ 4 ಲಕ್ಷ ರೂಪಾಯಿಗಳ ನಿಶ್ಚಿತ ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಯಬೇಕೆಂದು ಕೇಳಿದರು.

“ಈಗ ಮುರಿದರೆ ಬಡ್ಡಿ ಕಡಿಮೆಯಾಗುತ್ತದಲ್ಲ ಅಣ್ಣ?” ಎಂದೆ.

“ಬಡ್ಡಿ ಹೋದರೆ ಹೋಗಲಿ ಮಾರಾಯ್ರೆ. ಅಳಿಯ ಮೊಬೈಲಿನಲ್ಲಿ ಅದೆಂಥದೋ ಬಿಟ್‌ಕಾಯಿನ್ ಮಾಡಿಕೊಡ್ತಾನಂತೆ. ಅಲ್ಲಿ ಆರು ತಿಂಗಳಿಗೆ ಡಬ್ಬಲ್ ಆಗ್ತದಂತೆ,” ಎಂದು ನಕ್ಕರು.

ಮೈಂಡ್‌ಸ್ಪೇಸ್ ಕಡೆಯ ಕಚೇರಿಯೊಂದರಲ್ಲಿ ದುಡಿಯುವ ಅವರ ಸೋದರಳಿಯನನ್ನು ನಾನೂ ಬಲ್ಲೆ, ಒಳ್ಳೆಯ ಹುಡುಗ. ಗ್ರಾಹಕನ ಹಣ ಗ್ರಾಹಕನದು, ಬೇಡವೆನ್ನಲು ನಾನಾರು ಎಂದುಕೊಂಡು ಸಹಿ ಮಾಡಿದೆ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಆದರೆ ಎರಡು ನಿಮಿಷ ಕೂರಿಸಿಕೊಂಡು ವಿಚಾರಿಸಬಹುದಾಗಿತ್ತು ಎಂಬ ಕೊರಗು ಇಂದಿಗೂ ಹೋಗಿಲ್ಲ.

ಒಂದು ವರ್ಷದ ಬಳಿಕ ಅವರು ಮತ್ತೆ ಬಂದರು. ಈ ಸಲ ನಗು ಇರಲಿಲ್ಲ. ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು, “ನೋಡಿ, ಹಣ ಇಲ್ಲೇ ಕಾಣ್ತದಲ್ಲ? ಕಾಣುವ ಹಣವನ್ನು ಕೊಡ್ಲಿಕ್ಕೆ ಇವರಿಗೆ ಯಾಕೆ ಆಗುವುದಿಲ್ಲ?” ಎಂದು ಕೇಳಿದರು. ತೆರೆಯ ಮೇಲೆ ಅವರ ಹೆಸರು, ಅದರ ಕೆಳಗೆ ಮೊತ್ತ, ಎಲ್ಲವೂ ಅಚ್ಚುಕಟ್ಟಾಗಿತ್ತು. ಹಣ ಹಿಂತೆಗೆಯುವ ಗುಂಡಿಯನ್ನು ಒತ್ತಿದರೆ ಮಾತ್ರ ‘ತಾಂತ್ರಿಕ ಕಾರಣ’ ಎಂಬ ಒಕ್ಕಣೆ ಬರುತ್ತಿತ್ತು. ಪರದೇಶದ ಆ ಸಂಸ್ಥೆಯ ಹೆಸರು ಇಲ್ಲಿ ಅಪ್ರಸ್ತುತ. ಮುಂದೆ ಹೆಸರಿಸಿರುವ ಸಂಸ್ಥೆಗಳಲ್ಲಿ ಅದು ಯಾವುದೂ ಅಲ್ಲ. ಅಂದು ಆ ಹಿರಿಯರ ಪ್ರಶ್ನೆಗೆ ನನ್ನಿಂದ ಸರಿಯಾದ ಉತ್ತರ ಕೊಡಲಾಗಲಿಲ್ಲ. ಈ ಲೇಖನವೇ ಆ ಉತ್ತರವೆಂದು ವಾಚಕರು ಭಾವಿಸಬಹುದು.

ಕಾಣುವ ಹಣ ಬೇರೆ, ಇರುವ ಹಣ ಬೇರೆ

ಬಿಟ್‌ಕಾಯಿನ್ ಎಂಬುದು 2009ರ ಜನವರಿಯಲ್ಲಿ ಚಾಲನೆಗೆ ಬಂದಿತು. ಅದರ ಬೆನ್ನಿಗೆ ಇಂಥವೇ ಸಾವಿರಾರು ಹುಟ್ಟಿಕೊಂಡವು. ಇವುಗಳನ್ನು ಒಟ್ಟಾಗಿ ಕ್ರಿಪ್ಟೋ ಕರೆನ್ಸಿಗಳೆನ್ನುತ್ತಾರೆ. ಬಿಟ್‌ಕಾಯಿನ್ನಿನಂಥ ನಾಣ್ಯ ಲೋಹದ್ದಲ್ಲ, ಕಾಗದದ್ದೂ ಅಲ್ಲ. ಅದನ್ನು ಯಾವ ಸರ್ಕಾರವೂ ಹೊರಡಿಸಿಲ್ಲ. ಜಗತ್ತಿನಾದ್ಯಂತ ಹರಡಿರುವ ಸಾವಿರಾರು ಕಂಪ್ಯೂಟರುಗಳು ಒಟ್ಟಾಗಿ ಬರೆದಿಡುವ ಬಹಿರಂಗ ಲೆಕ್ಕದ ಪುಸ್ತಕವೊಂದರಲ್ಲಿನ ನಮೂದೇ ಅದರ ಅಸ್ತಿತ್ವ. ಯಾವ ನಮೂದು ಯಾರದೆಂಬುದನ್ನು ನಿರ್ಧರಿಸುವುದು ಒಂದು ರಹಸ್ಯ ಸಂಖ್ಯೆ. ಅದನ್ನು ನಾವು ಬೀಗದ ಕೈ ಎನ್ನೋಣ. ಕೈ ಯಾರ ಬಳಿ ಇದೆಯೋ ಅವನ ಹಿಡಿತದಲ್ಲೇ ನಾಣ್ಯ. ಅದು ಕಳೆದುಹೋದರೆ ನಕಲಿ ಕೈ ಮಾಡಿಸಿಕೊಡುವ ಮ್ಯಾನೇಜರಿಲ್ಲ. ಕಳವಾದರೆ, ಚೆಕ್ಕನ್ನು ತಡೆಹಿಡಿಯಿರೆಂದು ಬರೆದುಕೊಡಲು ಬ್ಯಾಂಕಿಲ್ಲ.

ಈ ತೊಡಕು ಸಾಮಾನ್ಯರಿಗೆ ಬೇಡವೆಂದು ಹುಟ್ಟಿಕೊಂಡವೇ ಎಕ್ಸ್‌ಚೇಂಜ್‌ಗಳು. ನಾವು ರೂಪಾಯಿಗಳನ್ನು ಕಳುಹಿಸುತ್ತೇವೆ. ಅವು ನಮ್ಮ ಹೆಸರಿನಲ್ಲಿ ನಾಣ್ಯವನ್ನು ಜಮೆ ಮಾಡುತ್ತವೆ. ಆದರೆ ಸಾಮಾನ್ಯವಾಗಿ ಆ ನಾಣ್ಯವು ಇರುವುದು ಸಂಸ್ಥೆಯ ಪೆಟ್ಟಿಗೆಯಲ್ಲಿ, ಅದರ ಬೀಗದ ಕೈ ಇರುವುದೂ ಸಂಸ್ಥೆಯ ಬಳಿಯಲ್ಲೇ. ನಮ್ಮ ಮೊಬೈಲಿನಲ್ಲಿ ಕಾಣುವುದು ಆ ಸಂಸ್ಥೆ ತನ್ನ ಖಾಸಗಿ ಪುಸ್ತಕದಲ್ಲಿ ಬರೆದುಕೊಂಡಿರುವ ಒಂದು ಸಾಲು ಮಾತ್ರ. ಊರಿನ ಅಂಗಡಿಯವರ ಕೈಯಲ್ಲಿ ಹಣ ಕೊಟ್ಟು, ಅವರು ಬರೆದುಕೊಟ್ಟ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡಂತೆ. ಚೀಟಿ ಇದ್ದಮಾತ್ರಕ್ಕೆ ಗಲ್ಲಾಪೆಟ್ಟಿಗೆಯಲ್ಲಿ ಹಣ ಇದ್ದೇ ಇದೆ ಎಂದು ಅರ್ಥವಲ್ಲ. ‘ಕಾಣುವ ಹಣವನ್ನು ಕೊಡಲು ಯಾಕೆ ಆಗುವುದಿಲ್ಲ’ ಎಂಬುದಕ್ಕೆ ಮೊದಲ ಉತ್ತರ ಇದೇ.

ಹಾಗಾದರೆ ಬ್ಯಾಂಕು ಬೇರೆಯೇ?

ಇಲ್ಲಿ ಜಾಣ ವಾಚಕರು ನನ್ನನ್ನು ಹಿಡಿದು ನಿಲ್ಲಿಸಬಹುದು. ಬ್ಯಾಂಕಿನಲ್ಲಿಟ್ಟ ಹಣವೂ ನಮ್ಮ ಪೆಟ್ಟಿಗೆಯಲ್ಲಿ ಇರುವುದಿಲ್ಲವಷ್ಟೆ? ನಿಜ. ಕಾನೂನಿನ ದೃಷ್ಟಿಯಲ್ಲಿ ಠೇವಣಿದಾರನು ಬ್ಯಾಂಕಿಗೆ ಸಾಲ ಕೊಟ್ಟವನು. ಬ್ಯಾಂಕಿನ ಪಾಸ್‌ಬುಕ್ಕೂ ಒಂದು ಚೀಟಿಯೇ. ಆದರೆ ಆ ಚೀಟಿಯ ಹಿಂದೆ ಏನೇನು ನಿಂತಿದೆ ಎಂಬುದನ್ನು ನೋಡಬೇಕು.

ನಮ್ಮ ಕರಾವಳಿಯ ಜನಕ್ಕೆ ಬ್ಯಾಂಕಿನ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕಿನ ಮೂಲ ಸಂಸ್ಥೆ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆ, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಹಣ ಪಡೆದವನ ಮುಖ ಪರಿಚಯ, ಅವನ ಮನೆ ಪರಿಚಯ, ನಾಳೆ ಬೆಳಿಗ್ಗೆ ಅವನು ಮತ್ತೆ ಬರುತ್ತಾನೆಂಬ ಭರವಸೆ. ನಂಬಿಕೆ ಎಂಬುದು ಆಗ ಹೀಗಿತ್ತು.

ಆದರೆ ಮುಖಪರಿಚಯದ ನಂಬಿಕೆ ಒಂದೇ ಸಾಲದೆಂಬುದನ್ನೂ ಈ ದೇಶ ಕಷ್ಟಪಟ್ಟೇ ಕಲಿಯಿತು. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಮುಳುಗಿದ ಬಳಿಕ, 1962ರ ಜನವರಿ 1ರಿಂದ ಠೇವಣಿ ವಿಮೆ ಜಾರಿಗೆ ಬಂದಿತು. ಆರಂಭದಲ್ಲಿ ಒಬ್ಬ ಠೇವಣಿದಾರನಿಗೆ 1,500 ರೂ. ಮಾತ್ರ ಇದ್ದ ಈ ರಕ್ಷಣೆ 1993ರಲ್ಲಿ 1 ಲಕ್ಷಕ್ಕೂ 2020ರ ಫೆಬ್ರವರಿ 4ರಿಂದ 5 ಲಕ್ಷಕ್ಕೂ ಏರಿತು. ಇದಲ್ಲದೆ ಬ್ಯಾಂಕುಗಳು ಠೇವಣಿಯ ಒಂದು ಭಾಗವನ್ನು ರಿಸರ್ವ್ ಬ್ಯಾಂಕಿನಲ್ಲಿಡಬೇಕು, ಮತ್ತೊಂದು ಭಾಗವನ್ನು ಸರ್ಕಾರಿ ಸಾಲಪತ್ರಗಳಂಥವುಗಳಲ್ಲಿ ತೊಡಗಿಸಬೇಕು, ಲೆಕ್ಕ ತಪಾಸಣೆಗೆ ಒಳಗಾಗಬೇಕು.

ಇಷ್ಟೆಲ್ಲ ಇದ್ದೂ ಬ್ಯಾಂಕು ಬೀಳುವುದಿಲ್ಲವೇ? ಬೀಳುತ್ತದೆ. ಮುಂಬಯಿಯವರಾದ ನಮಗೆ ಇದು ಚೆನ್ನಾಗಿ ಗೊತ್ತು. 2019ರ ಸೆಪ್ಟೆಂಬರ್ 23ರಂದು ಭಾಂಡುಪ್‌ನಲ್ಲಿ ಕೇಂದ್ರ ಕಚೇರಿಯಿದ್ದ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಮೊದಲಿಗೆ ಒಂದು ಖಾತೆಯಿಂದ 1,000 ರೂ. ಮಾತ್ರ ತೆಗೆಯಲು ಅವಕಾಶವಿತ್ತು. ಸಾಲದ ದೊಡ್ಡ ಪಾಲು ಒಂದೇ ಬಿಲ್ಡರ್ ಸಮೂಹಕ್ಕೆ ಹೋಗಿದ್ದು, ಅದನ್ನು ಸುಳ್ಳು ಖಾತೆಗಳ ಹಿಂದೆ ಮುಚ್ಚಿಡಲಾಗಿತ್ತು. ಬ್ಯಾಂಕಿನ ಬಾಗಿಲಲ್ಲಿ ಅತ್ತವರನ್ನು ನಾವು ಕಂಡಿದ್ದೇವೆ. 2022ರ ಜನವರಿಯಲ್ಲಿ ಅದನ್ನು ಇನ್ನೊಂದು ಬ್ಯಾಂಕಿನಲ್ಲಿ ವಿಲೀನಗೊಳಿಸಲಾಯಿತು. 5 ಲಕ್ಷದವರೆಗಿನ ಠೇವಣಿಗೆ ವಿಮೆಯ ಆಸರೆ ಸಿಕ್ಕಿತು, ಅದಕ್ಕಿಂತ ಹೆಚ್ಚಿನವರು ವರ್ಷಗಟ್ಟಲೆ ಕಾಯಬೇಕಾಯಿತು. 2025ರ ಫೆಬ್ರವರಿ 13ರಂದು ನ್ಯೂ ಇಂಡಿಯಾ ಸಹಕಾರಿ ಬ್ಯಾಂಕಿಗೂ ಇದೇ ಗತಿ ಬಂದು, ಅದೇ ಆಗಸ್ಟಿನಲ್ಲಿ ಅದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು.

ಬ್ಯಾಂಕುಗಳನ್ನು ಹೊಗಳುವುದಕ್ಕಾಗಿ ಇದನ್ನು ಹೇಳಲಿಲ್ಲ. ಇಷ್ಟು ಬೇಲಿ, ಇಷ್ಟು ಕಾವಲು, ಇಷ್ಟು ವಿಮೆ ಇರುವಲ್ಲಿಯೇ ಹೀಗಾಗುವುದಾದರೆ, ಇವಾವುವೂ ಇಲ್ಲದಲ್ಲಿ ಏನಾಗಬಹುದೆಂದು ವಿಚಾರ ಮಾಡಲು ಹೇಳಿದೆ. ಕ್ರಿಪ್ಟೋ ಎಕ್ಸ್‌ಚೇಂಜ್‌ನಲ್ಲಿಟ್ಟ ಹಣಕ್ಕೆ ಠೇವಣಿ ವಿಮೆ ಒಂದು ರೂಪಾಯಿಯದೂ ಇಲ್ಲ. ಕಂಪನಿ ಷೇರುಗಳ ಮಾತು ಬೇರೆ. ಷೇರು ದಲ್ಲಾಳಿ ಮುಳುಗಿದರೂ ನಮ್ಮ ಷೇರುಗಳು 1996ರಿಂದ ಬಂದ ಡಿಪಾಸಿಟರಿ ವ್ಯವಸ್ಥೆಯಲ್ಲಿ ನಮ್ಮದೇ ಹೆಸರಿನಲ್ಲಿರುತ್ತವೆ. ಮೇಲೆ ಸೆಬಿಯ ಕಣ್ಣಿರುತ್ತದೆ. ಕ್ರಿಪ್ಟೋ ಲೋಕದಲ್ಲಿ ದಲ್ಲಾಳಿ, ಮಾರುಕಟ್ಟೆ, ಉಗ್ರಾಣ, ಗುಮಾಸ್ತ ಎಲ್ಲವೂ ಬಹುಮಟ್ಟಿಗೆ ಒಂದೇ ಸಂಸ್ಥೆ.

ಮುಂಬಯಿಯ ಸಂಸ್ಥೆ, ಸಿಂಗಾಪುರದ ನ್ಯಾಯಾಲಯ

ದೂರದ ಮಾತೇಕೆ? ನಮ್ಮದೇ ಮುಂಬಯಿಯಲ್ಲಿ 2018ರಲ್ಲಿ ಆರಂಭವಾದ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್ ಒಂದು ಕಾಲಕ್ಕೆ ಭಾರತದಲ್ಲೇ ಅತಿ ದೊಡ್ಡದೆನಿಸಿತ್ತು. 2019ರ ನವೆಂಬರಿನಲ್ಲಿ ಜಗತ್ತಿನ ಪ್ರಮುಖ ಎಕ್ಸ್‌ಚೇಂಜ್ ಆದ ಬೈನಾನ್ಸ್ ಅದನ್ನು ಕೊಂಡಿತೆಂದು ಘೋಷಣೆಯಾಯಿತು. 2022ರ ಆಗಸ್ಟಿನಲ್ಲಿ ಜಾರಿ ನಿರ್ದೇಶನಾಲಯವು ತನಿಖೆಯೊಂದರ ಸಂಬಂಧದಲ್ಲಿ ವಜೀರ್‌ಎಕ್ಸ್‌ನ 64.67 ಕೋಟಿ ರೂ.ಗಳನ್ನು ತಾತ್ಕಾಲಿಕವಾಗಿ ತಡೆಹಿಡಿದಾಗ, ಆ ಖರೀದಿ ಪೂರ್ಣಗೊಂಡೇ ಇರಲಿಲ್ಲವೆಂದು ಬೈನಾನ್ಸ್‌ನ ಮುಖ್ಯಸ್ಥರು ಬಹಿರಂಗವಾಗಿ ಹೇಳಿದರು. ವಜೀರ್‌ಎಕ್ಸ್‌ನವರು ಅದನ್ನು ಅಲ್ಲಗಳೆದರು. ಲಕ್ಷಾಂತರ ಜನರ ಹಣವಿದ್ದ ಸಂಸ್ಥೆಗೆ ಯಜಮಾನರು ಯಾರೆಂಬುದೇ ಬೀದಿಯ ಚರ್ಚೆಯಾಯಿತು.

2024ರ ಜುಲೈ 18ರಂದು ಆ ಸಂಸ್ಥೆಯ ಒಂದು ಪೆಟ್ಟಿಗೆಯಿಂದ 23 ಕೋಟಿ ಡಾಲರುಗಳಿಗೂ ಮಿಕ್ಕ ಮೌಲ್ಯದ ನಾಣ್ಯಗಳು ಕಳವಾದವು. ಅಂದಿನ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 2,000 ಕೋಟಿ ರೂಪಾಯಿ. ಗ್ರಾಹಕರ ಒಟ್ಟು ಸ್ವತ್ತಿನಲ್ಲಿ ಸುಮಾರು ನೂರಕ್ಕೆ 45 ಭಾಗ.

ಕಳವಾದ ಬಗೆಯನ್ನು ಬ್ಯಾಂಕಿನವನ ಭಾಷೆಯಲ್ಲಿ ಹೇಳುತ್ತೇನೆ. ನಮ್ಮಲ್ಲಿ ಲಾಕರಿಗೆ ಎರಡು ಕೈಗಳಿರುವಂತೆ, ಆ ಪೆಟ್ಟಿಗೆಗೆ ಆರು ಕೈಗಳಿದ್ದವು. ಐದು ವಜೀರ್‌ಎಕ್ಸ್‌ನವರ ಬಳಿ, ಒಂದು ಲಿಮಿನಲ್ ಎಂಬ ಕಾಪು ಸಂಸ್ಥೆಯ ಬಳಿ. ವಜೀರ್‌ಎಕ್ಸ್‌ನ ಮೂವರು ಒಪ್ಪಿ, ಆಮೇಲೆ ಲಿಮಿನಲ್ ಒಪ್ಪಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಕೇಳಲು ಭದ್ರವಾದ ವ್ಯವಸ್ಥೆ. ಆದರೆ ಸಹಿ ಮಾಡುವವರಿಗೆ ತೆರೆಯ ಮೇಲೆ ಕಂಡ ವ್ಯವಹಾರವೇ ಬೇರೆ, ವಾಸ್ತವವಾಗಿ ಸಹಿ ಬಿದ್ದ ವ್ಯವಹಾರವೇ ಬೇರೆ ಎಂದು ಸಂಸ್ಥೆಯೇ ತಿಳಿಸಿತು. ಮೇಲೊಂದು ವೋಚರು, ಕೆಳಗೆ ಕಾರ್ಬನ್ ಇಟ್ಟು ಇನ್ನೊಂದು ಚೆಕ್ಕು! ತಪ್ಪು ಯಾರ ಕಡೆಯದೆಂದು ಎರಡೂ ಸಂಸ್ಥೆಗಳು ಪರಸ್ಪರ ಬೆರಳು ತೋರಿಸಿದವು. 2025ರ ಜನವರಿಯಲ್ಲಿ ಅಮೆರಿಕ, ಜಪಾನ್ ಮತ್ತು ದಕ್ಷಿಣ ಕೊರಿಯಾ ಸರ್ಕಾರಗಳು ಜಂಟಿ ಹೇಳಿಕೆಯಲ್ಲಿ ಇದು ಉತ್ತರ ಕೊರಿಯಾದ ಕಳ್ಳರ ಕೃತ್ಯವೆಂದವು.

ಕಳವಿಗಿಂತಲೂ ಅದರ ಮುಂದಿನ ಭಾಗವೇ ನಮಗೆ ಹೆಚ್ಚು ಬೋಧಪ್ರದ. ಹಣ ಹಿಂತೆಗೆಯುವುದನ್ನು ಸಂಸ್ಥೆ ನಿಲ್ಲಿಸಿತು. ತನ್ನ ನಾಣ್ಯ ಕಳವಾಗದಿದ್ದವನ ಖಾತೆಗೂ ಬೀಗ ಬಿತ್ತು. ನಷ್ಟವನ್ನು ಎಲ್ಲರೂ ಹಂಚಿಕೊಳ್ಳಬೇಕೆಂಬ ಸೂಚನೆ ಬಂದಿತು. ಭಾರತದ ಗ್ರಾಹಕ, ಮುಂಬಯಿಯ ಸಂಸ್ಥೆ. ಆದರೆ ಮಾತೃ ಕಂಪನಿ ಸಿಂಗಾಪುರದ್ದು. ಹೀಗಾಗಿ ಗ್ರಾಹಕರಿಗೆ ಏನು ಸಲ್ಲಬೇಕೆಂಬುದು ಸಿಂಗಾಪುರದ ಉಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾಯಿತು. ಸಾಲ ಕೊಟ್ಟವರೆಂಬ ನೆಲೆಯಲ್ಲಿ ಗ್ರಾಹಕರು ಮತ ಹಾಕಿದರು. 2025ರ ಜೂನ್‌ನಲ್ಲಿ ನ್ಯಾಯಾಲಯ ಯೋಜನೆಯನ್ನು ಮೊದಲು ತಿರಸ್ಕರಿಸಿತು. ತಿದ್ದಿದ ಯೋಜನೆಗೆ ಮತ್ತೆ ಮತದಾನ ನಡೆಯಿತು. ಅಕ್ಟೋಬರ್ 13ರಂದು ಅನುಮೋದನೆ ದೊರೆಯಿತು. ಅಕ್ಟೋಬರ್ 24ರಂದು ವ್ಯವಹಾರ ಮರಳಿ ಆರಂಭವಾಗುವ ವೇಳೆಗೆ ಹದಿನೈದು ತಿಂಗಳು ಕಳೆದಿದ್ದವು. ಒಂದು ಪಾಲು ನಾಣ್ಯ ರೂಪದಲ್ಲಿ ಬಂದಿತು. ಉಳಿದುದಕ್ಕೆ, ಮುಂದೆ ಲಾಭ ಬಂದಾಗ ಕೊಡುವೆವೆಂಬ ಭರವಸೆಯ ಟೋಕನ್‌ಗಳು. ಈ ಹದಿನೈದು ತಿಂಗಳಲ್ಲಿ ಯಾರ ಮಗಳ ಮದುವೆ ಮುಂದೆ ಹೋಯಿತೋ, ಯಾರ ಆಸ್ಪತ್ರೆಯ ಬಿಲ್ಲಿಗೆ ಸಾಲ ಮಾಡಬೇಕಾಯಿತೋ, ಅದು ಯಾವ ಯೋಜನೆಯ ಲೆಕ್ಕಕ್ಕೂ ಸೇರುವುದಿಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಎಲ್ಲ ಕಳವೂ ಗ್ರಾಹಕನ ತಲೆಗೇ ಬರುವುದಿಲ್ಲ. ಸುಮಾರು ಒಂದು ವರ್ಷದ ಬಳಿಕ, 2025ರ ಜುಲೈ 19ರಂದು, ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳವಾಯಿತು. ಗ್ರಾಹಕರ ನಾಣ್ಯಗಳಿಗೆ ಧಕ್ಕೆಯಾಗಿಲ್ಲ, ನಷ್ಟವನ್ನು ತಾನೇ ಭರಿಸುವೆನೆಂದು ಸಂಸ್ಥೆ ಹೇಳಿತು. ಬೆಂಗಳೂರಿನ ಪೊಲೀಸರು ತನಿಖೆ ಕೈಗೊಂಡು ಸಂಸ್ಥೆಯ ನೌಕರನೊಬ್ಬನನ್ನು ಬಂಧಿಸಿದರು. ಗ್ರಾಹಕರು ಬಚಾವಾದರು, ಸಂತೋಷ. ಆದರೆ ಅವರನ್ನು ಕಾದದ್ದು ಕಾನೂನಲ್ಲ. ಆ ದಿನ ಆ ಸಂಸ್ಥೆಯ ಬೊಕ್ಕಸದಲ್ಲಿ ಹಣವಿದ್ದ ಸುದೈವ.

ಹೊರದೇಶಗಳ ಮೂರು ಪಾಠಗಳು

ಮೊದಲನೆಯದು ಕಾಲದ ಪಾಠ. ಜಪಾನಿನ ಟೋಕಿಯೋದಲ್ಲಿದ್ದ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜ್ 2014ರ ಫೆಬ್ರವರಿಯಲ್ಲಿ ದಿವಾಳಿಯಾಯಿತು. ಸುಮಾರು 8.5 ಲಕ್ಷ ಬಿಟ್‌ಕಾಯಿನ್‌ಗಳು ಕಾಣೆಯಾಗಿವೆಯೆಂದರು; ಆಮೇಲೆ 2 ಲಕ್ಷದಷ್ಟು ಸಿಕ್ಕವು. ಗ್ರಾಹಕರಿಗೆ ನಾಣ್ಯಗಳನ್ನು ಹಿಂದಿರುಗಿಸುವ ಕೆಲಸ ಮೊದಲಾದದ್ದು 2024ರ ಜುಲೈಯಲ್ಲಿ, ಹತ್ತು ವರ್ಷಗಳ ಬಳಿಕ.

ಎರಡನೆಯದು ಬೀಗದ ಕೈಯ ಪಾಠ. ಕೆನಡಾದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜ್‌ನ ಸ್ಥಾಪಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ನಮ್ಮ ಜೈಪುರಕ್ಕೆ ಪ್ರವಾಸ ಬಂದಿದ್ದಾಗ ಕಾಯಿಲೆಯಿಂದ ತೀರಿಕೊಂಡ. ಪೆಟ್ಟಿಗೆಗಳ ಬೀಗದ ಕೈಗಳು ಅವನೊಬ್ಬನಿಗೇ ಗೊತ್ತಿದ್ದವೆಂದು ಮೊದಲು ಹೇಳಲಾಯಿತು. ತಪಾಸಣೆ ನಡೆಸಿದಾಗ ಪೆಟ್ಟಿಗೆಗಳೇ ಬಹುತೇಕ ಬರಿದಾಗಿದ್ದವು. ಅವನು ಸುಳ್ಳು ಹೆಸರಿನ ಖಾತೆಗಳಲ್ಲಿ ಇಲ್ಲದ ಹಣವನ್ನು ಜಮೆ ಮಾಡಿಕೊಂಡು, ಗ್ರಾಹಕರ ಹಣದಲ್ಲಿ ಜೂಜಿನಂತೆ ವ್ಯಾಪಾರ ಮಾಡಿದ್ದನೆಂದು ಒಂಟಾರಿಯೋ ಪ್ರಾಂತದ ಅಧಿಕಾರಿಗಳು 2020ರ ವರದಿಯಲ್ಲಿ ತಿಳಿಸಿದರು. ಸುಮಾರು 76 ಸಾವಿರ ಗ್ರಾಹಕರ ಹಣ ಸಿಕ್ಕಿಬಿದ್ದಿತ್ತು. ಅವರೆಲ್ಲರ ಮೊಬೈಲುಗಳಲ್ಲಿಯೂ ಕೊನೆಯ ದಿನದವರೆಗೆ ಮೊತ್ತ ಅಚ್ಚುಕಟ್ಟಾಗಿ ಕಾಣುತ್ತಿತ್ತು.

ಮೂರನೆಯದು ಲೆಕ್ಕದ ಪಾಠ. ಬಹಾಮಾಸ್ ದ್ವೀಪದ ಎಫ್‌ಟಿಎಕ್ಸ್ ಸಂಸ್ಥೆ 2022ರ ನವೆಂಬರಿನಲ್ಲಿ ಮುಳುಗಿತು. ಗ್ರಾಹಕರ ಹಣವನ್ನು ತನ್ನ ಸೋದರ ಸಂಸ್ಥೆಗೆ ದಾಟಿಸಿದ್ದ ಅದರ ಮುಖ್ಯಸ್ಥ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್‌ಗೆ 2024ರ ಮಾರ್ಚ್‌ನಲ್ಲಿ 25 ವರ್ಷಗಳ ಸೆರೆವಾಸ ವಿಧಿಸಲಾಯಿತು. 2025ರಿಂದ ಗ್ರಾಹಕರಿಗೆ ಹಣ ಬರತೊಡಗಿತು. ಆದರೆ ಲೆಕ್ಕ ಹಾಕಿದ್ದು ಸಂಸ್ಥೆ ಬಿದ್ದ ದಿನದ ಬೆಲೆಯಲ್ಲಿ. ಅಂದು ಒಂದು ಬಿಟ್‌ಕಾಯಿನ್ ಸುಮಾರು 17 ಸಾವಿರ ಡಾಲರ್. 2024ರ ಡಿಸೆಂಬರಿನಲ್ಲಿ ಅದು 1 ಲಕ್ಷ ಡಾಲರ್ ದಾಟಿತ್ತು. ನಾಣ್ಯ ತನ್ನದೆಂದು ತಿಳಿದಿದ್ದವನಿಗೆ ದೊರೆತದ್ದು ನಾಣ್ಯವಲ್ಲ, ಹಳೆಯ ಬೆಲೆ. ಸ್ವತ್ತಿನ ಒಡೆಯನಿಗೂ ಸಾಲ ಕೊಟ್ಟವನಿಗೂ ಇರುವ ಅಂತರ ಇದೇ.

ನಮ್ಮ ಕಾನೂನು ಎಲ್ಲಿದೆ?

ರಿಸರ್ವ್ ಬ್ಯಾಂಕು 2013ರ ಡಿಸೆಂಬರಿನಲ್ಲೇ ಜನರಿಗೆ ಎಚ್ಚರಿಕೆ ನೀಡಿತ್ತು. 2018ರ ಏಪ್ರಿಲ್ 6ರ ಸುತ್ತೋಲೆಯಲ್ಲಿ, ಇಂಥ ವ್ಯವಹಾರಗಳಿಗೆ ಸೇವೆ ನೀಡಬಾರದೆಂದು ಬ್ಯಾಂಕುಗಳಿಗೆ ತಾಕೀತು ಮಾಡಿತು. ಆ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ರದ್ದುಪಡಿಸಿತು. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭದ ಮೇಲೆ ನೂರಕ್ಕೆ 30ರ ತೆರಿಗೆಯೂ, ಅದೇ ಜುಲೈಯಿಂದ ವ್ಯವಹಾರದ ಮೇಲೆ ನೂರಕ್ಕೆ 1ರ ಮೂಲ ಕಡಿತವೂ ಬಂದವು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ತೆರಿಗೆ ಬಂದಿತೆಂದ ಮಾತ್ರಕ್ಕೆ ಸರ್ಕಾರ ಹೊಣೆ ಹೊತ್ತಿತೆಂದು ಅನೇಕರು ತಪ್ಪು ತಿಳಿದರು. ತೆರಿಗೆ ಕುದುರೆ ಜೂಜಿಗೂ ಇದೆ.

2023ರ ಮಾರ್ಚ್ 7ರಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ಬಂದು, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು. ಈ ನೋಂದಣಿಯನ್ನು ಕೆಲವರು ಸರ್ಕಾರದ ಮುದ್ರೆಯೆಂಬಂತೆ ತೋರಿಸುತ್ತಾರೆ. ಅದರ ಉದ್ದೇಶ ಕಳ್ಳ ಹಣದ ಮೇಲೆ ಕಣ್ಣಿಡುವುದು. ನಿಮ್ಮ ನಾಣ್ಯ ಭದ್ರವಾಗಿದೆಯೇ ಎಂದು ನೋಡುವುದಲ್ಲ.

2025ರ ಏಪ್ರಿಲ್‌ನಲ್ಲಿ ವಜೀರ್‌ಎಕ್ಸ್‌ನ ಗ್ರಾಹಕರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಇದು ನೀತಿ ನಿರೂಪಣೆಗೆ ಸೇರಿದ ವಿಷಯವೆಂದು ಅರ್ಜಿ ವಜಾ ಆಯಿತು. ಒಂದು ಬೆಳಕಿನ ಕಿರಣವೂ ಇದೆ. ಅದೇ ಅಕ್ಟೋಬರಿನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು, ಅದೇ ಸಂಸ್ಥೆಯ ಗ್ರಾಹಕರೊಬ್ಬರ ಪ್ರಕರಣದಲ್ಲಿ, ಕ್ರಿಪ್ಟೋ ನಾಣ್ಯವನ್ನು ಸ್ವತ್ತೆಂದು ಪರಿಗಣಿಸಬಹುದು, ಅದನ್ನು ಇನ್ನೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದು ಎಂಬ ಅಭಿಪ್ರಾಯ ನೀಡಿತು. ಆದರೆ ಪ್ರತಿಯೊಬ್ಬ ಸಂಸಾರಸ್ಥನೂ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಲು ಸಾಧ್ಯವೇ?

ಮುಚ್ಚದ ಸಂತೆ

ಸಂಚಿಕೆಯ ಆಶಯಕ್ಕೆ ಹೊಂದುವ ಒಂದು ಮಾತು. ಷೇರು ಪೇಟೆ ಬೆಳಿಗ್ಗೆ ತೆರೆದು ಮಧ್ಯಾಹ್ನ ಮುಚ್ಚುತ್ತದೆ. ಶನಿವಾರ, ಭಾನುವಾರ ವಿರಾಮ. ಕ್ರಿಪ್ಟೋ ಪೇಟೆಗೆ ರಾತ್ರಿಯಿಲ್ಲ, ಹಬ್ಬವಿಲ್ಲ. 2021ರ ನವೆಂಬರಿನಲ್ಲಿ ಸುಮಾರು 69 ಸಾವಿರ ಡಾಲರಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16 ಸಾವಿರಕ್ಕೂ ಕೆಳಗೆ ಇಳಿದಿತ್ತು. ಇಂಥ ಏರಿಳಿತವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವವನಿಗೆ ನಿದ್ರೆ ಬರುವುದೆಂತು? ನಮ್ಮ ಹಿರಿಯರ ಮನೆಯವರು ನನಗೆ ಹೇಳಿದಂತೆ, ಅವರು ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲು ನೋಡುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಸಂಕಟವನ್ನು ಹೆಂಡತಿಗೂ ಹೇಳಿಕೊಳ್ಳದೆ ನುಂಗಿದ್ದರು. ಹಣ ಕಳೆದುಕೊಂಡವನಿಗೆ ಮೊದಲು ಬೇಕಾದದ್ದು ಉಪದೇಶವಲ್ಲ, ಬೈಗುಳವಂತೂ ಅಲ್ಲ. ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ. ಮನೆಯಲ್ಲಿ ಯಾರಾದರೂ ಹೀಗೆ ಒಂಟಿಯಾಗಿ ಕೊರಗುತ್ತಿದ್ದರೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಲು ಸಂಕೋಚಪಡಬೇಡಿ.

ಕೆಲವು ಸೂಚನೆಗಳು

ಕ್ರಿಪ್ಟೋ ಕೊಳ್ಳಿರೆಂದಾಗಲಿ ಕೊಳ್ಳಬೇಡಿರೆಂದಾಗಲಿ ಹೇಳುವುದು ನನ್ನ ಉದ್ದೇಶವಲ್ಲ. ಕೊಳ್ಳುವವರು ಈ ಕೆಳಗಿನವನ್ನು ಗಮನದಲ್ಲಿಟ್ಟರೆ ಸಾಕು.

1. ನಿಶ್ಚಿತ ಠೇವಣಿ, ಭವಿಷ್ಯನಿಧಿ, ಮದುವೆಯ ಹಣ, ಔಷಧದ ಹಣ ಇವುಗಳನ್ನು ಮುಟ್ಟಬೇಡಿ. ಪೂರ್ತಿ ಹೋದರೂ ಮನೆಯ ಒಲೆ ಉರಿಯುವಷ್ಟು ಅಲ್ಪ ಮೊತ್ತ ಮಾತ್ರ ಇರಲಿ.

2. ಎಕ್ಸ್‌ಚೇಂಜ್ ಎಂಬುದು ಸಂತೆ. ಕೊಳ್ಳಲು, ಮಾರಲು ಹೋಗಬೇಕು. ಸಂತೆಯಲ್ಲಿ ತಿಜೋರಿ ಇಡುವವರಿಲ್ಲ. ವರ್ಷಗಟ್ಟಲೆ ಹಣವನ್ನು ಅಲ್ಲೇ ಬಿಡಬೇಡಿ.

3. ಬೀಗದ ಕೈಯನ್ನು ನೀವೇ ಇಟ್ಟುಕೊಳ್ಳಲು ಸಾಧ್ಯವಿದೆ. ಅದಕ್ಕೆ 12 ಅಥವಾ 24 ಪದಗಳ ಒಂದು ಗುಪ್ತ ಪಟ್ಟಿ ಇರುತ್ತದೆ. ಅದನ್ನು ಕಾಗದದಲ್ಲಿ ಬರೆದು ಭದ್ರವಾಗಿಡಬೇಕು, ಯಾರಿಗೂ ಕಳುಹಿಸಬಾರದು, ಮೊಬೈಲಿನಲ್ಲಿ ಚಿತ್ರ ತೆಗೆದಿಡಬಾರದು. ಆ ಕಾಗದ ಕಳೆದರೆ ಹಣವೂ ಹೋಯಿತು. ಈ ಜವಾಬ್ದಾರಿ ಹೊರಲಾರೆವೆನಿಸಿದರೆ, ಈ ವ್ಯವಹಾರ ನಮಗಲ್ಲವೆಂದು ತಿಳಿಯುವುದೇ ಲೇಸು.

4. ಹಣ ಹಾಕುವ ಮುನ್ನ ಸಂಸ್ಥೆ ಯಾವ ದೇಶದಲ್ಲಿ ನೋಂದಣಿಯಾಗಿದೆ, ಮಾತೃ ಕಂಪನಿ ಎಲ್ಲಿದೆ, ತಕರಾರು ಬಂದರೆ ಯಾವ ನ್ಯಾಯಾಲಯ ಎಂಬುದನ್ನು ಕರಾರಿನಲ್ಲಿ ಓದಿ. ಮೊದಲು ಸಣ್ಣ ಮೊತ್ತ ಹಾಕಿ, ಅದನ್ನು ಹಿಂತೆಗೆದು ನೋಡಿ. ಆದರೆ ಸಣ್ಣ ಮೊತ್ತ ಹಿಂದಕ್ಕೆ ಬಂದಿತೆಂದು ಮೈಮರೆಯಬೇಡಿ. ಮೋಸಗಾರರು ಮೊದಲ ಸಲ ಬೇಕೆಂದೇ ಕೊಡುತ್ತಾರೆ.

5. ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಬರುವ ಕೊಂಡಿಯಿಂದ ಆಪ್ ಇಳಿಸಿಕೊಳ್ಳಬೇಡಿ. ನಿಶ್ಚಿತ ಲಾಭ, ಇಷ್ಟು ತಿಂಗಳಿಗೆ ಇಮ್ಮಡಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹಿಂದೆ ಸರಿಯಿರಿ. ‘ಹಣ ಬಿಡಿಸಲು ಮೊದಲು ತೆರಿಗೆ ಕಟ್ಟಿ’ ಎಂದರೆ ಅದು ಮೋಸವೆಂದೇ ತಿಳಿಯಿರಿ.

6. ಮೋಸವಾದರೆ ನಾಚಿಕೆಯಿಂದ ಕಾಲ ಕಳೆಯಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣವು ಇನ್ನೂ ಬ್ಯಾಂಕ್ ಖಾತೆಗಳಲ್ಲೇ ಇದ್ದರೆ ತಡೆಹಿಡಿಯುವ ಸಾಧ್ಯತೆಯಿದೆ.

7. ಏನು ಕೊಂಡಿದ್ದೀರಿ, ಎಲ್ಲಿಟ್ಟಿದ್ದೀರಿ ಎಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿದಿರಲಿ.

8. ಬ್ಯಾಂಕಿನ ಠೇವಣಿಗೂ ಇದೇ ಎಚ್ಚರ ಸಲ್ಲುತ್ತದೆ. ಒಂದೇ ಬ್ಯಾಂಕಿನಲ್ಲಿ ಬಡ್ಡಿ ಸಹಿತ 5 ಲಕ್ಷ ಮೀರಿದ ಮೊತ್ತಕ್ಕೆ ವಿಮೆಯಿಲ್ಲವೆಂಬುದನ್ನು ಮರೆಯಬೇಡಿ.

ಕೊನೆಯಲ್ಲಿ ಮತ್ತೆ ಆ ಹಿರಿಯರ ಮಾತು. ಅವರ 4 ಲಕ್ಷ ಈವರೆಗೆ ಬಂದಿಲ್ಲ; ಬರುವ ಲಕ್ಷಣವೂ ಕಾಣೆ. ಕಳೆದ ಬಾರಿ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಾಗ ಅವರು ಹಣದ ವಿಚಾರ ಎತ್ತಲೇ ಇಲ್ಲ. “ಹೋದದ್ದು ಹೋಯಿತು ಮಾರಾಯ್ರೆ. ಅಳಿಯ ಮನೆಗೆ ಬರುವುದನ್ನೇ ಬಿಟ್ಟಿದ್ದಾನೆ. ಮುಖ ತೋರಿಸಲಿಕ್ಕೆ ನಾಚಿಕೆಯಂತೆ. ನೀವಾದರೂ ಅವನಿಗೆ ಒಂದು ಮಾತು ಹೇಳಿ, ಮಾವನಿಗೆ ಸಿಟ್ಟಿಲ್ಲ ಅಂತ,” ಎಂದರು. ನಾನು ಆ ಹುಡುಗನನ್ನು ಕಂಡು ಹೇಳಿದೆ. ಅವನೂ ತನ್ನ ಎರಡು ಲಕ್ಷ ಅದರಲ್ಲೇ ಕಳೆದುಕೊಂಡಿದ್ದ. ಮಾವನಿಗೆ ಒಳ್ಳೆಯದಾಗಲೆಂದೇ ಮಾಡಿದ್ದ.

ಮೋಸಹೋದವರು ದಡ್ಡರಲ್ಲ, ದುರಾಸೆಯವರೂ ಅಲ್ಲ. ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳದೆ ಹೋದವರು, ಅಷ್ಟೆ. ಆ ದಿನ ಕೌಂಟರಿನ ಈಚೆಗಿದ್ದ ನಾನೂ ಕೇಳಲಿಲ್ಲ. ಇನ್ನು ಮುಂದೆ ನಮ್ಮಲ್ಲಿ ಯಾರೇ ಆಗಲಿ, ಎಷ್ಟೇ ಸಣ್ಣ ಮೊತ್ತವಾಗಲಿ, ಯಾರ ಕೈಗಾದರೂ ಒಪ್ಪಿಸುವ ಮುನ್ನ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವಂತಾಗಲಿ: ಬೀಗದ ಕೈ ಯಾರ ಬಳಿ ಇದೆ?